ಜಗಲಿಯ ಮೇಲಿನ ಮಾರಾಟ: ನಗುವಿನ ಜೊತೆಗೆ ಲೆಕ್ಕವೂ ಇರಲಿ

ನೆರೆಹೊರೆಯ ಹತ್ತು ಹೆಂಗಸರನ್ನು ಮನೆಗೆ ಕರೆದು, ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ಚೀಲದಿಂದ ಡಬ್ಬಿ, ಸೋಪು, ಪುಡಿ, ಎಣ್ಣೆಗಳನ್ನು ಒಂದೊಂದಾಗಿ ತೆಗೆದು ತೋರಿಸಿ ಮಾರುವ ಪದ್ಧತಿ ಈಗ ಪಟ್ಟಣಗಳಲ್ಲಿ ಮಾತ್ರ ಉಳಿದಿಲ್ಲ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಸುತ್ತಿನಂಥ ರಾಗಿ, ತೆಂಗು, ಅಡಿಕೆಯ ಸೀಮೆಯ ಹಳ್ಳಿಗಳಿಗೂ ಅದು ಬಂದಿದೆ. ಇದನ್ನು ‘ನೇರ ಮಾರಾಟ’ ಎನ್ನುತ್ತಾರೆ. ಮಾರುವವರಿಗೆ ಕಂಪನಿಯವರು ‘ಸಲಹೆಗಾರ್ತಿ’, ‘ಕನ್ಸಲ್ಟೆಂಟ್’ ಎಂಬ ಗೌರವದ ಹೆಸರು ಕೊಟ್ಟಿರುತ್ತಾರೆ. “ಸಾರ್, ನಮ್ಮ ಮನೆಯವಳು ಇದಕ್ಕೆ ಸೇರಬೇಕು ಅಂತಾಳೆ, ಸೇರಿಸಬಹುದೇ?” ಎಂಬುದು ಬೆಳೆ ರೋಗದ ಪ್ರಶ್ನೆಗಳ ನಡುವೆ ವಿಸ್ತರಣಾ ಕಾರ್ಯಕರ್ತರು ಕೇಳಬೇಕಾದ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಗೆ ‘ಹೌದು’ ಅಥವಾ ‘ಬೇಡ’ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸರಿಯಲ್ಲ. ಈ ಕೆಲಸದಲ್ಲಿ ಸಂತೋಷವಿದೆ, ಕಲಿಯುವುದಿದೆ, ನಾಲ್ಕು ಕಾಸು ದೊರೆಯುವುದೂ ಉಂಟು. ಹಾಗೆಯೇ ಹಾಲಿನ ಬಟವಾಡೆ, ತೆಂಗಿನಕಾಯಿ ಮಾರಿದ ಹಣ, ಸಂಘದ ಸಾಲ ಎಲ್ಲವೂ ಅಟ್ಟದ ಮೇಲಿನ ಮಾರಾಟವಾಗದ ಡಬ್ಬಿಗಳಾಗಿ ಕುಳಿತುಬಿಡುವ ಅಪಾಯವೂ ಇದೆ. ಎರಡನ್ನೂ ತೂಗಿ ನೋಡಿ ರೈತ ಕುಟುಂಬಗಳು ತೀರ್ಮಾನಕ್ಕೆ ಬರಬೇಕೆಂಬುದೇ ಈ ಲೇಖನದ ಉದ್ದೇಶ. ವಾಚನಾಲಯದಲ್ಲಿ ಇದನ್ನು ಓದುವ ಸೋದರರು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಬೇಕೆಂದು ಕೋರಿಕೆ.

ಮಲಾರದಿಂದ ಡಬ್ಬಿಯವರೆಗೆ

ಮನೆಯ ಬಾಗಿಲಲ್ಲಿ ವ್ಯಾಪಾರ ನಮಗೆ ಹೊಸದೇನಲ್ಲ. ಬಳೆಗಾರ ಮಲಾರ ಹೊತ್ತು ಬಂದು ಜಗಲಿಯ ಮೇಲೆ ಕುಳಿತರೆ ಕೇರಿಯ ಹೆಂಗಸರೆಲ್ಲ ಸೇರುತ್ತಿದ್ದರು. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳು ಬಣ್ಣ ಆರಿಸುತ್ತಿದ್ದಳು, ಮತ್ತೊಬ್ಬಳು ಬೆಲೆ ಇಳಿಸುತ್ತಿದ್ದಳು. ವ್ಯಾಪಾರದಷ್ಟೇ ಮಾತುಕತೆಯೂ ನಡೆಯುತ್ತಿತ್ತು. ಸೀರೆ ಗಂಟಿನವರು, ಪಾತ್ರೆಯವರು ಬಂದಾಗಲೂ ಇದೇ ರೀತಿ.

ಈಗಿನ ‘ಮನೆಕೂಟದ ಮಾರಾಟ’ ಅಮೆರಿಕೆಯಲ್ಲಿ ಬೆಳೆದ ಪದ್ಧತಿ. ಅರ್ಲ್ ಟಪ್ಪರ್ ಎಂಬಾತ 1946ರಲ್ಲಿ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರುಕಟ್ಟೆಗೆ ತಂದನು. ಡಬ್ಬಿ ಒಳ್ಳೆಯದೇ, ಆದರೆ ಅಂಗಡಿಯ ಹಲಗೆಯ ಮೇಲೆ ಅದು ಮಾರಾಟವಾಗಲಿಲ್ಲ. ಮುಚ್ಚಳದ ಅಂಚನ್ನು ಕೊಂಚ ಎತ್ತಿ, ನಡುವೆ ಒತ್ತಿ, ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು ಮುಚ್ಚಬೇಕೆಂಬುದು ಕೊಳ್ಳುವವರಿಗೆ ತಿಳಿಯಲಿಲ್ಲ. ಅದನ್ನು ಕೈಯಲ್ಲಿ ಮಾಡಿ ತೋರಿಸಿದವರು ಮನೆಮನೆಗಳಲ್ಲಿ ಕೂಟ ಸೇರಿಸಿ ಮಾರುತ್ತಿದ್ದ ಹೆಂಗಸರು. ಅವರಲ್ಲಿ ಮುಂದಾಳು ಬ್ರೌನಿ ವೈಸ್ ಎಂಬಾಕೆ. 1951ರಲ್ಲಿ ಕಂಪನಿ ಅಂಗಡಿಗಳಿಂದ ಸರಕನ್ನೇ ಹಿಂದಕ್ಕೆ ತೆಗೆದುಕೊಂಡು, ಮನೆಕೂಟಗಳಲ್ಲಿ ಮಾತ್ರ ಮಾರುವ ತೀರ್ಮಾನ ಮಾಡಿ, ಆಕೆಯನ್ನೇ ಮಾರಾಟದ ಮುಖ್ಯಸ್ಥೆಯನ್ನಾಗಿ ಮಾಡಿತು. 1954ರಲ್ಲಿ ಅಲ್ಲಿಯ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂದಿತು. ಆ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಮಹಿಳೆ ಆಕೆಯೇ. ಆದರೆ 1958ರಲ್ಲಿ ಕಂಪನಿ ಆಕೆಯನ್ನು ಕೆಲಸದಿಂದ ತೆಗೆಯಿತು. ಕಂಪನಿಯಲ್ಲಿ ಆಕೆಗೆ ಒಂದು ಷೇರೂ ಇರಲಿಲ್ಲ. ದುಡಿಮೆ ಯಾರದು, ಒಡೆತನ ಯಾರದು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಇಲ್ಲಿಯೇ ಗಮನಿಸಿಟ್ಟುಕೊಳ್ಳಬೇಕು.

ಟಪ್ಪರ್‌ವೇರ್ ಭಾರತಕ್ಕೆ 1996ರಲ್ಲಿ ಬಂದಿತು. ಅದರ ಹಿಂದೆಯೇ ಬೇರೆ ಬೇರೆ ಕಂಪನಿಗಳೂ ಬಂದವು. ಇಲ್ಲಿಯ ಕಂಪನಿಗಳೂ ಹುಟ್ಟಿಕೊಂಡವು. ಆ ಡಬ್ಬಿಯ ಕಂಪನಿಯೇ 2024ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿತು. ಎಷ್ಟೇ ದೊಡ್ಡ ಹೆಸರಾದರೂ ಶಾಶ್ವತವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಿತವೆನಿಸುವುದೇಕೆ?

ಹೆಂಗಸರು ಈ ಕೆಲಸವನ್ನು ಇಷ್ಟಪಡಲು ಹಣವೊಂದೇ ಕಾರಣವಲ್ಲ. ಇದನ್ನು ಗಂಡಸರು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕೊಟ್ಟಿಗೆ, ಒಲೆ, ಹೊಲ ಎಂದು ದಿನವಿಡೀ ತಿರುಗುವವಳಿಗೆ ತಿಂಗಳಿಗೆ ಎರಡು ಮಧ್ಯಾಹ್ನ ತನ್ನ ವಯಸ್ಸಿನವರೊಡನೆ ಕುಳಿತು ನಗುವ ಅವಕಾಶ ಸಿಗುತ್ತದೆ. ಹತ್ತು ಜನರ ಮುಂದೆ ನಿಂತು ಮಾತನಾಡುವ ಧೈರ್ಯ ಬರುತ್ತದೆ. “ಅಕ್ಕಾ, ನೀನು ಹೇಳಿದ ಮೇಲೆ ತಗೊಂಡೆ ನೋಡು, ಚೆನ್ನಾಗಿದೆ” ಎಂದು ಯಾರಾದರೂ ಹೇಳಿದರೆ ಮನಸ್ಸಿಗೆ ಆಗುವ ಸಮಾಧಾನವೇ ಬೇರೆ. ಸ್ವಂತ ಚೀಲ, ಸ್ವಂತ ಪುಸ್ತಕ, ಸ್ವಂತ ಹೆಸರು ಎಂಬುದು ಸಣ್ಣ ಮಾತಲ್ಲ.

ಕೊಳ್ಳುವವರಿಗೂ ಅನುಕೂಲವಿದೆ. ಅಂಗಡಿಯಲ್ಲಿ ಮುಟ್ಟಿ ನೋಡಲು ಬಿಡದ ವಸ್ತುವನ್ನು ಇಲ್ಲಿ ಮುಟ್ಟಿ, ಮೂಸಿ, ಬಳಸಿ ನೋಡಬಹುದು. ಅನುಮಾನವಿದ್ದರೆ ಕೇಳಬಹುದು. ಮಾರಿದವಳು ಪಕ್ಕದ ಕೇರಿಯವಳೇ ಆದ್ದರಿಂದ ನಾಳೆ ಹೋಗಿ ವಿಚಾರಿಸಬಹುದು. ಈ ನಂಬಿಕೆಯೇ ಮನೆಕೂಟದ ಮಾರಾಟದ ಬಂಡವಾಳ. ಕಂಪನಿ ಕೊಡುವುದು ಸರಕನ್ನು ಮಾತ್ರ. ನಂಬಿಕೆ ನಿಮ್ಮದು. ಅದು ಕೆಟ್ಟರೆ ಕಂಪನಿ ಬೇರೊಂದು ಊರಿಗೆ ಹೋಗುತ್ತದೆ, ನೀವು ಮಾತ್ರ ಅದೇ ಬಾವಿಕಟ್ಟೆ, ಅದೇ ಮದುವೆ ಮನೆ, ಅದೇ ರಥೋತ್ಸವದಲ್ಲಿ ಆ ನೆರೆಯವರ ಮುಖ ನೋಡಬೇಕು.

ಲೆಕ್ಕ ಹೇಗೆ ಹಿಡಿಯಬೇಕು?

ಒಂದು ಉದಾಹರಣೆಯನ್ನು ನೋಡೋಣ. ಇಲ್ಲಿಯ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಿ.

ಒಬ್ಬ ಸಲಹೆಗಾರ್ತಿ ತಿಂಗಳಲ್ಲಿ 10,000 ರೂಪಾಯಿನ ಸರಕು ಮಾರಿದಳು ಎನ್ನಿ. ನೂರಕ್ಕೆ 20ರಂತೆ ಆಕೆಯ ಪಾಲು 2,000 ರೂಪಾಯಿ. ಕಾಫಿ, ತಿಂಡಿಗೆ 300. ಕೂಟ ನಡೆಸಲು ಮನೆ ಕೊಟ್ಟವಳಿಗೆ ಉಡುಗೊರೆ 300. ಆಟೋ ಮತ್ತು ಸಾಮಾನು ಸಾಗಣೆ 200. ಮಾದರಿ ತೋರಿಸಲು ಒಡೆದ ಪೊಟ್ಟಣ 200. ಫೋನು ಮತ್ತು ಇತರೆ 100. ಒಟ್ಟು 1,100 ರೂಪಾಯಿ ಖರ್ಚು. ಉಳಿದದ್ದು 900. ಅದರಲ್ಲಿ 500 ರೂಪಾಯಿ ಉದ್ರಿ ಬರಲಿಲ್ಲವೆಂದರೆ ಕೈಗೆ ಹತ್ತಿದ್ದು 400 ರೂಪಾಯಿ.

ಈಗ ಹೊತ್ತಿನ ಲೆಕ್ಕ. ಕರೆಯಲು ಹೋಗುವುದು, ಕೂಟ ನಡೆಸುವುದು, ಸರಕು ತರುವುದು, ಹಂಚುವುದು, ಹಣ ಕೇಳಲು ಎರಡು ಸಲ ತಿರುಗುವುದು ಸೇರಿ 30 ಗಂಟೆ ಆಯಿತೆನ್ನಿ. ಗಂಟೆಗೆ 13 ರೂಪಾಯಿ ಬಿದ್ದಂತಾಯಿತು. ಸುಮಾರು ನಾಲ್ಕು ಆಳಿನ ದಿನದ ದುಡಿಮೆಗೆ 400 ರೂಪಾಯಿ! ಕಳೆ ತೆಗೆಯಲು ಹೋದ ಹೆಣ್ಣಾಳಿನ ಕೂಲಿಯೊಡನೆ ಇದನ್ನು ನೀವೇ ಹೋಲಿಸಿ ನೋಡಿ.

ಹಾಗೆಂದು ಎಲ್ಲರಿಗೂ ನಷ್ಟವೇ ಆಗುತ್ತದೆಂದು ಹೇಳುವಂತಿಲ್ಲ. ಗಿರಾಕಿಗಳು ಒಂದೇ ಕೇರಿಯಲ್ಲಿದ್ದು, ಬೇಕಾದಷ್ಟೇ ಸರಕು ತರಿಸಿ, ಉದ್ರಿ ಕೊಡದೆ ಮಾರುವವರಿಗೆ ಉಳಿತಾಯವಾಗುತ್ತದೆ. ತಿಂಗಳ ಸೋಪು, ಪುಡಿಯನ್ನು ರಿಯಾಯಿತಿ ಬೆಲೆಗೆ ತಮಗೇ ತರಿಸಿಕೊಳ್ಳುವ ಸಲುವಾಗಿಯೇ ಸೇರುವವರೂ ಇದ್ದಾರೆ. ಆದರೆ ಅಂಗಡಿಯಲ್ಲಿ ಅದೇ ಬಗೆಯ ವಸ್ತುವಿನ ಬೆಲೆ ಎಷ್ಟು, ತೂಕ ಎಷ್ಟು ಎಂದು ಒಮ್ಮೆ ನೋಡಿದ ಮೇಲೆ ಮಾತ್ರ ಅದನ್ನು ಉಳಿತಾಯವೆಂದು ಕರೆಯಬೇಕು.

ಉದ್ರಿ ವಿಷಯದಲ್ಲಿ ಒಂದು ಮಾತು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಮನೆಕೂಟದ ಮಾರಾಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಂಗಡಿಯವನು ಉದ್ರಿ ಕೇಳಿದರೆ ವ್ಯಾಪಾರ. ಅತ್ತಿಗೆ, ನಾದಿನಿ, ಚಿಕ್ಕಮ್ಮನ ಹತ್ತಿರ ಉದ್ರಿ ಕೇಳಿದರೆ ಜಗಳ. ಆದ್ದರಿಂದ ಮೊದಲ ದಿನವೇ “ಅಕ್ಕಾ, ನಗದು ಕೊಟ್ಟರೆ ಮಾತ್ರ” ಎಂದು ನಗುತ್ತಲೇ ಹೇಳಿಬಿಡುವುದು ಸಂಬಂಧಕ್ಕೂ ಒಳ್ಳೆಯದು, ವ್ಯಾಪಾರಕ್ಕೂ ಒಳ್ಳೆಯದು.

ಐದರ ಮಗ್ಗಿ ಎಲ್ಲಿ ನಿಲ್ಲುತ್ತದೆ?

ಕೂಟಕ್ಕೆ ಬಂದವರು ಸರಕಿನ ಮಾತು ಬಿಟ್ಟು, “ನೀವು ಐದು ಜನರನ್ನು ಸೇರಿಸಿ, ಆ ಐವರು ತಲಾ ಐದು ಜನರನ್ನು ಸೇರಿಸಲಿ, ಕುಳಿತಲ್ಲಿಗೇ ಹಣ ಬರುತ್ತದೆ” ಎಂದು ಹಲಗೆಯ ಮೇಲೆ ಚಿತ್ರ ಬರೆಯಲು ಆರಂಭಿಸಿದರೆ ಎಚ್ಚರವಾಗಬೇಕು. ಶಾಲೆಗೆ ಹೋಗುವ ಮಗುವಿನಿಂದ ಒಂದು ಗುಣಾಕಾರ ಮಾಡಿಸಿ. ಮೊದಲ ಸುತ್ತಿಗೆ 5, ಎರಡನೆಯದಕ್ಕೆ 25, ಮೂರಕ್ಕೆ 125, ನಾಲ್ಕಕ್ಕೆ 625, ಐದಕ್ಕೆ 3,125, ಆರಕ್ಕೆ 15,625, ಏಳಕ್ಕೆ 78,125, ಎಂಟಕ್ಕೆ 3,90,625, ಒಂಬತ್ತನೆಯ ಸುತ್ತಿಗೆ 19,53,125 ಜನ ಬೇಕು. 2011ರ ಜನಗಣತಿಯಂತೆ ಇಡೀ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ, ಹಸುಗೂಸುಗಳೂ ಸೇರಿ, 11,37,961. ಅಂದರೆ ಒಂಬತ್ತನೆಯ ಸುತ್ತು ಮುಗಿಯುವ ಮೊದಲೇ ಜಿಲ್ಲೆಯಲ್ಲಿ ಸೇರಿಸಲು ಜನರೇ ಇರುವುದಿಲ್ಲ.

ಇಂಥ ಸರಪಳಿಯಲ್ಲಿ ಕೊನೆಯ ಸುತ್ತಿನವರೇ ಯಾವಾಗಲೂ ಹೆಚ್ಚು ಜನ. ಐದರ ಲೆಕ್ಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಜನ ಕೊನೆಯ ಸಾಲಿನಲ್ಲೇ ಇರುತ್ತಾರೆ. ಅವರಿಗೆ ಸೇರಿಸಲು ಯಾರೂ ಸಿಗುವುದಿಲ್ಲ. ಅವರು ಕೊಟ್ಟ ಹಣ ಮೇಲಿನವರಿಗೆ ಹೋಗಿರುತ್ತದೆ. ಕೆರೆಯ ಕೋಡಿಯ ಪಕ್ಕದ ಗದ್ದೆಗೆ ನೀರು ಹರಿದದ್ದನ್ನು ತೋರಿಸಿ ಕಡೆಯ ಗದ್ದೆಯವನಿಂದಲೂ ನೀರುಗಂದಾಯ ಕಟ್ಟಿಸಿಕೊಂಡಂತೆ ಇದು. ಹಳ್ಳಿಗಳಿಗೆ ಈ ಸರಪಳಿ ಬರುವ ಹೊತ್ತಿಗೆ ನಾವು ಕಡೆಯ ಗದ್ದೆಯವರೇ ಆಗಿರುತ್ತೇವೆಂಬುದನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ?

ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಹಣ ಚಲಾವಣೆಯ ಯೋಜನೆಗಳನ್ನು ನಮ್ಮ ದೇಶದಲ್ಲಿ 1978ರ ಕಾಯಿದೆಯಿಂದ ನಿಷೇಧಿಸಲಾಗಿದೆ. ಅಂಥದನ್ನು ನಡೆಸುವುದಷ್ಟೇ ಅಲ್ಲ, ಅದಕ್ಕೆ ಸದಸ್ಯರಾಗಿ ಸೇರುವುದೂ ಭಾಗವಹಿಸುವುದೂ ಆ ಕಾಯಿದೆಯಂತೆ ತಪ್ಪು. “ನನಗೆ ತಿಳಿದಿರಲಿಲ್ಲ, ನಾನೂ ಮೋಸಹೋದೆ” ಎಂದು ಹೇಳುವ ಸ್ಥಿತಿಗೆ ಯಾರೂ ಬರಬಾರದು.

ನಿಜವಾದ ನೇರ ಮಾರಾಟಕ್ಕೆ ಪ್ರತ್ಯೇಕ ನಿಯಮಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮಗಳನ್ನು ಹೊರಡಿಸಿತು. ಅವುಗಳ ಸಾರಾಂಶ ಹೀಗಿದೆ.

ಮಾರಾಟಗಾರರಾಗಿ ಸೇರಲು ಪ್ರವೇಶ ಶುಲ್ಕ ವಸೂಲಿ ಮಾಡುವಂತಿಲ್ಲ. ಕಂಪನಿಗೂ ಮಾರುವವಳಿಗೂ ಮೊದಲೇ ಬರಹದ ಕರಾರು ಆಗಿರಬೇಕು. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ ದಂಡವಿಲ್ಲದೆ ಹಿಂದೆ ಸರಿಯಲು ಒಂದು ಅವಧಿ ಇರಬೇಕು. ಮಾರುವವಳು ಗುರುತಿನ ಚೀಟಿ ಇಲ್ಲದೆ, ಮೊದಲೇ ತಿಳಿಸದೆ ಯಾರ ಮನೆಗೂ ಹೋಗುವಂತಿಲ್ಲ. ಮಾತು ಆರಂಭಿಸುವಾಗಲೇ ತಾನು ಯಾರು, ಯಾವ ಕಂಪನಿಯ ಪರವಾಗಿ ಬಂದಿರುವೆ, ಏನು ಮಾರಲು ಬಂದಿರುವೆ ಎಂಬುದನ್ನು ಸತ್ಯವಾಗಿ ಹೇಳಬೇಕು. “ಸುಮ್ಮನೆ ಕಾಫಿಗೆ ಬನ್ನಿ” ಎಂದು ಕರೆದು ಆಮೇಲೆ ಚೀಲ ಬಿಚ್ಚುವುದು ಈ ನಿಯಮಕ್ಕೆ ವಿರುದ್ಧ. ಬೆಲೆ, ಹಿಂದಿರುಗಿಸುವ ಕ್ರಮ, ಹಣ ವಾಪಸಿನ ವಿವರಗಳನ್ನು ತಿಳಿಸಬೇಕು. “ನೀವು ಬೇರೆ ಗಿರಾಕಿಗಳನ್ನು ತಂದರೆ ಇದರ ಬೆಲೆ ನಿಮಗೆ ವಾಪಸು ಬರುತ್ತದೆ” ಎಂದು ಆಸೆ ತೋರಿಸಿ ಮಾರುವಂತಿಲ್ಲ.

ಮೋಸವಾದರೆ 1915 ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ರಸೀತಿ ಇರಬೇಕು. ರಸೀತಿ ಇಲ್ಲದ ದೂರು ಬೇರಿಲ್ಲದ ಗಿಡದಂತೆ.

ಕಾಯಿಲೆಗೂ ಬೆಳೆಗೂ ಒಂದೇ ಬಾಟಲಿ

ಎರಡು ಬಗೆಯ ಸರಕಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಮೊದಲನೆಯದು ಔಷಧಿಯ ಮಾತು. ಪುಡಿ ಕುಡಿದರೆ ಸಕ್ಕರೆ ಕಾಯಿಲೆ ವಾಸಿ ಎಂದು ಪ್ರಚಾರ ಮಾಡುವುದನ್ನು 1954ರ ಕಾಯಿದೆಯೇ ತಡೆಯುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಪುಡಿಯನ್ನು ನಂಬಿದರೆ ಹೋಗುವುದು ಹಣ ಮಾತ್ರವಲ್ಲ. ಅಂಥ ಮಾತನ್ನು ನೆರೆಯವರಿಗೆ ಹೇಳುವ ಸಲಹೆಗಾರ್ತಿ ತನ್ನ ಮೇಲೆ ದೊಡ್ಡ ಹೊಣೆಯನ್ನು ಎಳೆದುಕೊಳ್ಳುತ್ತಾಳೆ.

ಎರಡನೆಯದು ಬೆಳೆಗೆ ಸಂಬಂಧಿಸಿದ್ದು. ಇತ್ತೀಚಿನ ಕೂಟಗಳಲ್ಲಿ ಸೋಪಿನ ಜೊತೆಗೆ ‘ಬೆಳೆ ಟಾನಿಕ್’, ‘ಇಳುವರಿ ದ್ರವ’, ‘ಸಿಂಪಡಣೆ ಅಂಟು’ ಎಂಬ ಬಾಟಲಿಗಳೂ ಬರುತ್ತಿವೆ. ಕೀಟನಾಶಕವನ್ನು ಮಾರಬೇಕಾದರೆ 1968ರ ಕೀಟನಾಶಕ ಕಾಯಿದೆಯಂತೆ ಪರವಾನಗಿ ಬೇಕು. ಗೊಬ್ಬರಗಳಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶವಿದೆ. ಬೆಳೆಯನ್ನು ಚೇತರಿಸುವ ಜೈವಿಕ ಉತ್ತೇಜಕಗಳನ್ನೂ 2021ರಲ್ಲಿ ಅದೇ ಆದೇಶದ ವ್ಯಾಪ್ತಿಗೆ ತರಲಾಯಿತು. ಬಾಟಲಿಯ ಮೇಲೆ ಒಳಗೇನಿದೆ, ಎಷ್ಟಿದೆ, ತಯಾರಕರು ಯಾರು, ಬ್ಯಾಚ್ ಸಂಖ್ಯೆ ಏನು, ಯಾವಾಗ ತಯಾರಾಯಿತು ಎಂಬುದು ಇಲ್ಲದಿದ್ದರೆ ಮುಟ್ಟಲೇಬೇಡಿ. ಈರುಳ್ಳಿಗೆ, ಶುಂಠಿಗೆ, ಅಡಿಕೆಗೆ, ಆಲೂಗಡ್ಡೆಗೆ ಎಲ್ಲಕ್ಕೂ ಒಂದೇ ಬಾಟಲಿ, ರೋಗಕ್ಕೂ ಅದೇ, ಕೀಟಕ್ಕೂ ಅದೇ, ಇಳುವರಿಗೂ ಅದೇ ಎನ್ನುವವರ ಮಾತಿನಲ್ಲಿ ಹುರುಳಿರುವುದಿಲ್ಲ. ತೀರಾ ನೋಡಲೇಬೇಕೆನಿಸಿದರೆ ಎರಡು ಸಾಲಿಗೆ ಹಾಕಿ, ಪಕ್ಕದ ಎರಡು ಸಾಲಿಗೆ ಹಾಕದೆ ಬಿಟ್ಟು, ಕೊಯ್ಲಿನಲ್ಲಿ ಬೇರೆ ಬೇರೆಯಾಗಿ ತೂಗಿ ನೋಡಿ. ಅಷ್ಟು ತಾಳ್ಮೆಯಿಲ್ಲದೆ ಇಡೀ ಹೊಲಕ್ಕೆ ಸಿಂಪಡಿಸುವುದು ಜೂಜಾಟವೇ ಸರಿ.

ಚೀಲ ಬದಲಿಸಿದರೆ ಹೇಗೆ?

ಕೂಟದ ಸಂತೋಷ ಉಳಿಯಲಿ, ತೋರಿಸಿ ಮಾರುವ ಕಲೆಯೂ ಉಳಿಯಲಿ. ಚೀಲದೊಳಗಿನ ಸರಕು ಮಾತ್ರ ನಮ್ಮ ಹೊಲದ್ದಾದರೆ ಹೇಗೆ? ಸಖರಾಯಪಟ್ಟಣದ ಅನುಕೂಲವನ್ನು ನೋಡಿ. ಊರು ಕಡೂರು–ಚಿಕ್ಕಮಗಳೂರು ರಸ್ತೆಯ ಮೇಲಿದೆ. ಒಂದು ಕಡೆ ಕಡೂರು, ಬೀರೂರಿನ ಮಾರುಕಟ್ಟೆ, ಇನ್ನೊಂದು ಕಡೆ ಜಿಲ್ಲಾ ಕೇಂದ್ರದ ನೌಕರರ ಮನೆಗಳು. ಹತ್ತಿರದಲ್ಲೇ ಅಯ್ಯನಕೆರೆಯ ಅಚ್ಚುಕಟ್ಟಿದೆ, ಆಚೆಗೆ ಮಳೆಯಾಶ್ರಯದ ರಾಗಿ ಹೊಲಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರ ಪ್ರಯಾಣ ವೆಚ್ಚವೂ ತಗ್ಗಿದೆ. ಮೊಳಕೆ ರಾಗಿ ಹಿಟ್ಟು, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಸಾಂಬಾರ್ ಪುಡಿ, ಗಾಣದ ಕೊಬ್ಬರಿ ಎಣ್ಣೆ ಇವುಗಳಿಗೆ ಅಲ್ಲಿ ಗಿರಾಕಿಗಳಿದ್ದಾರೆ.

ಮೊಳಕೆ ರಾಗಿ ಹಿಟ್ಟಿನ ಕ್ರಮವನ್ನು ಇಲ್ಲಿ ಹೇಳಬಹುದು. ಒಂದೇ ತಳಿಯ, ಆ ವರ್ಷದ ರಾಗಿಯನ್ನು ಕಲ್ಲು, ಮಣ್ಣು ಇಲ್ಲದಂತೆ ಕೇರಿ ತೊಳೆದು, ಸುಮಾರು 12 ಗಂಟೆ ನೆನೆಸಬೇಕು. ಬೇರೆ ಬೇರೆ ತಳಿ ಬೆರೆತರೆ ಮೊಳಕೆ ಸಮನಾಗಿ ಬರುವುದಿಲ್ಲ. ಬಿತ್ತನೆಗೆಂದು ಔಷಧಿ ಬೆರೆಸಿದ ರಾಗಿಯನ್ನು ಯಾವ ಕಾರಣಕ್ಕೂ ಬಳಸಬಾರದು. ನೀರು ಬಸಿದು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಹವೆಗೆ ತಕ್ಕಂತೆ ಒಂದರಿಂದ ಎರಡು ದಿನ ಇಟ್ಟರೆ ಮೊಳಕೆ ಬರುತ್ತದೆ. ಹುಳಿ ವಾಸನೆ ಬಂದರೆ ಆ ಗಂಟನ್ನು ದನಕ್ಕೂ ಹಾಕದೆ ತಿಪ್ಪೆಗೆ ಹಾಕಿ. ಮೊಳಕೆ ಬಂದದ್ದನ್ನು ತೆಳ್ಳಗೆ ಹರಡಿ ಗರಿಗರಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯನ್ನು ಕೇರಿ ತೆಗೆದು, ಘಮ ಬರುವಷ್ಟು ಹದವಾಗಿ ಹುರಿದು, ಆರಿಸಿ, ಗಿರಣಿಯಲ್ಲಿ ಬೀಸಿಸಿ ಜರಡಿ ಹಿಡಿಯಬೇಕು. ಬಿಸಿ ಹಿಟ್ಟನ್ನು ಪೊಟ್ಟಣಕ್ಕೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಗಿರಾಕಿಗೆ ಹೇಳಲು ಇದಕ್ಕಿಂತ ದೊಡ್ಡ ಸುಳ್ಳಿನ ಅಗತ್ಯವಿಲ್ಲ, ಈ ಸತ್ಯವೇ ಸಾಕು.

ಲೆಕ್ಕವನ್ನೂ ನೋಡಿ. 2025–26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ದರದಲ್ಲಿ 20 ಕಿಲೋ ರಾಗಿಗೆ ಸುಮಾರು 980 ರೂಪಾಯಿ. ಸೌದೆ ಮತ್ತು ಇತರೆ 150, ಗಿರಣಿ 150, ಪೊಟ್ಟಣ ಮತ್ತು ಚೀಟಿ 160, ಕಾಫಿ ಮತ್ತು ಸಾಗಣೆ 200 ಎಂದಿಟ್ಟುಕೊಂಡರೆ ಒಟ್ಟು 1,640 ರೂಪಾಯಿ. 16 ಕಿಲೋ ಹಿಟ್ಟು ಬಂದು, ಅರ್ಧ ಕಿಲೋದ 32 ಪೊಟ್ಟಣಗಳನ್ನು ತಲಾ 80 ರೂಪಾಯಿಗೆ ಮಾರಿದರೆ 2,560 ರೂಪಾಯಿ. ಉಳಿಯುವುದು 920. ಎಲ್ಲ ಕೆಲಸಕ್ಕೆ 20 ಗಂಟೆ ಹಿಡಿದರೂ ಗಂಟೆಗೆ 46 ರೂಪಾಯಿ. ಇದರ ಮೇಲೆ, ಖರ್ಚಿನಲ್ಲಿ ಬರೆದ 980 ರೂಪಾಯಿ ಬೇರೆಲ್ಲಿಗೂ ಹೋಗದೆ ನಮ್ಮದೇ ಹೊಲಕ್ಕೆ ಸಂದಿದೆ. ಪೊಟ್ಟಣ ಉಳಿದರೆ ಮನೆಯ ಮಕ್ಕಳಿಗೆ ಗಂಜಿಯಾಯಿತು. ಉಳಿದ ಮುಲಾಮಿನ ಡಬ್ಬಿಯಿಂದ ಗಂಜಿ ಮಾಡಲಾಗುವುದಿಲ್ಲ.

ಮನೆಯಲ್ಲಿ ಮಾಡಿದ ಪದಾರ್ಥವೆಂದು ನಿಯಮಗಳಿಂದ ವಿನಾಯಿತಿ ಇಲ್ಲ. ಮಾರಾಟಕ್ಕೆ ಆಹಾರ ತಯಾರಿಸುವ ಸಣ್ಣವರೂ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಮಾಡಿದವರ ವಿಳಾಸ ಇರಬೇಕು. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೌಲ್ಯವರ್ಧನೆಯ ತರಬೇತಿಯ ಬಗ್ಗೆ ವಿಚಾರಿಸಬಹುದು. ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಕೇಂದ್ರ ಆರಂಭಿಸಿದ ಸಹಾಯಧನ ಯೋಜನೆಯೂ ಸೇರಿದಂತೆ ಈಗ ಯಾವ ನೆರವು ದೊರೆಯುತ್ತದೆ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಒಬ್ಬಳಿಗಿಂತ ಹತ್ತು ಜನ ಲೇಸು

ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅದೇ ಮುಂದೆ ಲಿಜ್ಜತ್ ಹಪ್ಪಳವಾಯಿತು. ಅಲ್ಲಿ ದುಡಿಯುವ ಸೋದರಿಯರೇ ಒಡತಿಯರು. ಬ್ರೌನಿ ವೈಸಳಿಗೆ ಇಲ್ಲದಿದ್ದ ಒಡೆತನ ಈ ಹಪ್ಪಳದವರಿಗೆ ಇತ್ತು. ನಮ್ಮ ರಾಜ್ಯದಲ್ಲೇ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿ, ಧಾನ್ಯ ಸಂಸ್ಕರಿಸಿ ಮಾರುವ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು.

ಕರ್ನಾಟಕದಲ್ಲಿ 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದ ಹಳ್ಳಿಹಳ್ಳಿಗಳಲ್ಲಿ ಸಂಘಗಳು ಹುಟ್ಟಿದವು. ಸಂಘವಿರುವ ಕಡೆ ಕೂಟ ಸೇರಿಸುವ ಕಷ್ಟವೇ ಇಲ್ಲ, ವಾರದ ಸಭೆಯೇ ಕೂಟ. ಒಬ್ಬಳು ಹುರಿಯಲಿ, ಒಬ್ಬಳು ತೂಗಲಿ, ಮಾತು ಬಲ್ಲವಳು ಮಾರಲಿ, ಲೆಕ್ಕ ಬಲ್ಲವಳು ಬರೆಯಲಿ. ಆದರೆ ಸಂಘದ ಸಾಲವನ್ನು ಹೊರಗಿನ ಕಂಪನಿಯ ಸರಕು ಕೂಡಿಡಲು ಬಳಸುವುದು ಬೇಡ. ಸಾಲದ ಕಂತು ವಾರವಾರವೂ ತಪ್ಪದೆ ಬರುತ್ತದೆ, ಗಿರಾಕಿ ಹಾಗೆ ಬರುವುದಿಲ್ಲ. ಒಬ್ಬಳ ಕಂತು ನಿಂತರೆ ಭಾರ ಉಳಿದ ಸದಸ್ಯೆಯರ ಮೇಲೆ ಬೀಳುತ್ತದೆ, ಹತ್ತು ವರ್ಷದ ಸಂಘ ಒಂದೇ ತಿಂಗಳಲ್ಲಿ ಒಡೆಯುತ್ತದೆ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಹಣ ಬರುವುದು ಸರಕು ಮಾರಿದ್ದಕ್ಕೋ, ಜನರನ್ನು ಸೇರಿಸಿದ್ದಕ್ಕೋ?

2. ಸೇರಲು ಮೊದಲೇ ಹಣ ಕಟ್ಟಬೇಕೇ? ತಿಂಗಳಿಗೆ ಇಷ್ಟು ಸರಕು ಕೊಳ್ಳಲೇಬೇಕೆಂಬ ಕಟ್ಟುಪಾಡು ಇದೆಯೇ?

3. ಮಾರಾಟವಾಗದೆ ಉಳಿದ ಸರಕನ್ನು ಕಂಪನಿ ವಾಪಸು ತೆಗೆದುಕೊಳ್ಳುತ್ತದೆಯೇ? ಇದನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ?

4. ಸರಪಳಿಯ ಆಸೆ ಇಲ್ಲದಿದ್ದರೂ ಈ ವಸ್ತುವನ್ನು ಈ ಬೆಲೆಗೆ ನಾನೇ ಕೊಳ್ಳುತ್ತಿದ್ದೆನೇ?

5. ಖರ್ಚು ಕಳೆದು ಗಂಟೆಗೆ ಎಷ್ಟು ಬೀಳುತ್ತದೆ?

6. ಹಣ ಹೋದರೂ ಸಂಸಾರ ನಡೆಯುವಷ್ಟೇ ಹಣವನ್ನು ಹಾಕಿದ್ದೇನೆಯೇ?

ಈ ಆರು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ದೊರೆತರೆ ಧಾರಾಳವಾಗಿ ಸೇರಬಹುದು, ಮನೆಯವರು ತಡೆಯಬೇಕಾದ ಕಾರಣವಿಲ್ಲ. ಉತ್ತರ ಸಿಗದಿದ್ದರೆ ಚೀಲ ತಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡುವುದು ಜಾಣತನ.

ಸ್ವಂತ ಪದಾರ್ಥದಿಂದ ಆರಂಭಿಸಬೇಕೆನ್ನುವವರಿಗೆ ಸುಗ್ಗಿಯ ಕಾಲವೇ ಸರಿಯಾದ ಹೊತ್ತು. ಕಣದಿಂದ ಹೊಸ ರಾಗಿ ಮನೆಗೆ ಬಂದಿರುತ್ತದೆ, ಬಿಸಿಲು ಒಣಗಿಸಲು ಅನುಕೂಲವಾಗಿರುತ್ತದೆ, ಹಬ್ಬಕ್ಕೆ ಎಳ್ಳು ಬೀರಲು ಹೆಣ್ಣುಮಕ್ಕಳು ಹೇಗೂ ಮನೆಮನೆಗೆ ಹೋಗುತ್ತಾರೆ. ಮೊದಲ ಸಲಕ್ಕೆ ಐದು ಕಿಲೋ ಸಾಕು. ಅದನ್ನು ನೆರೆಯ ಹತ್ತು ಮನೆಗೆ ಮಾರಿ, ಹದಿನೈದು ದಿನ ಬಿಟ್ಟು ಹೋಗಿ “ಹೇಗಿತ್ತಕ್ಕಾ?” ಎಂದು ಕೇಳಿ. ಮತ್ತೆ ಬೇಕೆಂದವರು ಎಷ್ಟು ಮಂದಿ ಎಂಬುದನ್ನು ಬರೆದಿಟ್ಟುಕೊಂಡು, ಎರಡನೆಯ ಸಲಕ್ಕೆ ಎಷ್ಟು ರಾಗಿ ನೆನೆಸಬೇಕೆಂಬುದನ್ನು ಆ ಲೆಕ್ಕದಿಂದ ತೀರ್ಮಾನಿಸಿ.